ಯಾರದೋ ಹೆಸರಿನ ಪಾರ್ಸೆಲ್ ಬಂದರೆ, ಅದರ ಹಿಂದೆ ಬರುವ ಫೋನಿಗೆ ಹುಷಾರು

ಹಗಲು ಹೊತ್ತು ಮನೆಯಲ್ಲಿ ವಯಸ್ಸಾದವರಷ್ಟೇ ಇರುವವರು ದಯವಿಟ್ಟು ಇದನ್ನು ಓದಿ. ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ನಡೆದದ್ದು.

ಮಧ್ಯಾಹ್ನ ಒಂದು ಪಾರ್ಸೆಲ್ ಬಂತು. ವಿಳಾಸ ನಮ್ಮದು, ಹೆಸರು ಮಾತ್ರ ಯಾರದೋ. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. "ಮೇಲ್ಗಡೆ ಬಾಡಿಗೆಯವರದು ಇರಬೇಕು ಅಮ್ಮ, ಅವರು ಫೋನ್ ಎತ್ತುತ್ತಿಲ್ಲ. ನೀವು ಇಟ್ಕೊಂಡಿರಿ" ಅಂದನಂತೆ ಹುಡುಗ. ದುಡ್ಡು ಕೇಳಲಿಲ್ಲ. ಯಾರು ತಗೊಂಡ್ರು ಅಂತ ಬರ್ಕೋಬೇಕು ಅಂತ ಅತ್ತೆಯ ಹೆಸರು, ಮೊಬೈಲ್ ನಂಬರ್ ಕೇಳಿ ಹೋದ. ಅಕ್ಕಪಕ್ಕದವರ ಪಾರ್ಸೆಲ್ ತೆಗೆದಿಡುವುದು ನಮ್ಮ ಬೀದಿಯಲ್ಲಿ ಮಾಮೂಲು, ಅಲ್ವಾ? ಅತ್ತೆಗೆ ಅನುಮಾನ ಬರುವಂಥದ್ದು ಏನೂ ಇರಲಿಲ್ಲ.

ಮರುದಿನ ಫೋನ್ ಬಂತು. "ಕೊರಿಯರ್ ಆಫೀಸಿಂದ ಅಮ್ಮ. ಪಾರ್ಸೆಲ್ ತಪ್ಪಿ ನಿಮ್ಮ ಮನೆಗೆ ಬಂದಿದೆ, ವಾಪಸ್ ತಗೊಳ್ಳೋಕೆ ಹುಡುಗ ಬರ್ತಿದ್ದಾನೆ. ನಾನು ಹೇಳೋ ನಂಬರ್ ಒತ್ತಿ, ನೇರ ಅವನಿಗೇ ಹೋಗುತ್ತೆ." ಬೇರೆ ದಿನ ಆಗಿದ್ದರೆ ಅತ್ತೆ ಅಲ್ಲೇ ಕಟ್ ಮಾಡುತ್ತಿದ್ದರು. ಲಾಟರಿ, ಕೆವೈಸಿ ಅಂತ ಫೋನ್ ಮಾಡುವವರಿಗೆ ಬೈದು ಇಡುವ ಜನ ಅವರು. ಆದರೆ ಪಾರ್ಸೆಲ್ ಕಣ್ಣೆದುರಿಗೇ ಕುರ್ಚಿ ಮೇಲೆ ಕೂತಿತ್ತು. ಅವನು ಹೇಳಿದ್ದೆಲ್ಲ ನಿಜದ ಥರಾನೇ ಇತ್ತು. ನನ್ನ ಪ್ರಕಾರ ಆ ಪಾರ್ಸೆಲ್ ಕಳಿಸಿದ್ದೇ ಇದಕ್ಕೆ.

ಅವನು ಒತ್ತಿಸಿದ್ದು *21* ಅಂತ ಶುರುವಾಗಿ, ಮಧ್ಯೆ ಹತ್ತಂಕಿಯ ಮೊಬೈಲ್ ನಂಬರ್ ಇದ್ದು, #ನಿಂದ ಮುಗಿಯುವ ಒಂದು ಕೋಡ್. ಒತ್ತಿದ ಮೇಲೆ ಅತ್ತೆಗೆ ಬರಬೇಕಾದ ಕರೆಗಳೆಲ್ಲ ಆ ನಂಬರಿಗೆ ಹೋಗತೊಡಗಿದವು. ಇದೇ ಕಾಲ್ ಫಾರ್ವರ್ಡಿಂಗ್. ಈ ಥರದ ಮೋಸ ಜಾಸ್ತಿ ಆಯಿತೆಂದು, ಇಂಥ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಎಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ನಮ್ಮ ಮನೆಯ ಫೋನಿನಲ್ಲಿ ಅದು ಆರಾಮಾಗಿ ಕೆಲಸ ಮಾಡಿತು!

ಆಮೇಲೆ ಕಳ್ಳ ತನ್ನ ಫೋನಿನಲ್ಲಿ ಅತ್ತೆಯ ನಂಬರ್ ಹಾಕಿ ವಾಟ್ಸಾಪ್ ತೆರೆದಿದ್ದಾನೆ. ಆರಂಕಿಯ ಕೋಡ್ ಮೊದಲು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಅದು ಫಾರ್ವರ್ಡ್ ಆಗುವುದಿಲ್ಲ, ಅತ್ತೆಯ ಫೋನಿಗೇ ಬಂದಿದೆ. ಆದರೆ ಕೋಡನ್ನು ಕರೆ ಮಾಡಿ ಹೇಳಿ ಅಂತಲೂ ವಾಟ್ಸಾಪನ್ನು ಕೇಳಬಹುದು. ಆ ಕರೆ ಹೋದದ್ದು ಅವನಿಗೆ.

ಅರ್ಧ ಗಂಟೆಯೊಳಗೆ ನೆಂಟರಿಗೆಲ್ಲ ಮೆಸೇಜ್. "ಅರ್ಜೆಂಟ್ ದುಡ್ಡು ಬೇಕು, ನಾಳೆ ಕೊಡ್ತೀನಿ." ದಾವಣಗೆರೆಯಲ್ಲಿರುವ ನಾದಿನಿ ಸುಮ್ನೆ ಕಳಿಸಲಿಲ್ಲ, ಮೊದಲು ಅಮ್ಮನಿಗೆ ಫೋನ್ ಮಾಡಿದಳು. ಆ ಕರೆಯೂ ಅವನ ಹತ್ತಿರವೇ ಹೋಯಿತು! ಕಟ್ ಮಾಡಿ, "ಆಸ್ಪತ್ರೆಯಲ್ಲಿದ್ದೀನಿ, ಮಾತಾಡೋಕಾಗಲ್ಲ" ಅಂತ ಬರೆದ. ಅವಳು ಗಾಬರಿಯಾಗಿ 18,000 ಹಾಕಿದಳು. ಅನುಮಾನ ಪಟ್ಟವರು ಶಿವಮೊಗ್ಗದ ಚಿಕ್ಕಮ್ಮ ಮಾತ್ರ. ಅತ್ತೆ ಜನ್ಮದಲ್ಲಿ ಟೈಪ್ ಮಾಡಿದವರಲ್ಲ, ಏನಿದ್ದರೂ ವಾಯ್ಸ್ ಮೆಸೇಜೇ. ಚಿಕ್ಕಮ್ಮ ನನಗೆ ಫೋನ್ ಮಾಡಿದ ಮೇಲೆ ವಿಷಯ ಗೊತ್ತಾಯಿತು.

ಮೊದಲು ಅತ್ತೆಯ ಫೋನಿನಿಂದ ##002# ಒತ್ತಿಸಿದೆವು. ಎಲ್ಲ ಫಾರ್ವರ್ಡಿಂಗೂ ರದ್ದಾಗುತ್ತದೆ. ಆಮೇಲೆ ಅದೇ ಫೋನಿನಲ್ಲಿ ವಾಟ್ಸಾಪ್ ಮತ್ತೆ ತೆರೆದು ಎಸ್ಸೆಮ್ಮೆಸ್ ಕೋಡ್ ಹಾಕಿದೆವು. ಅಲ್ಲಿಗೆ ಅವನು ಹೊರಬಿದ್ದ. ಆದರೆ ಅಷ್ಟರಲ್ಲೇ ಅವನು ಎರಡು ಹಂತದ ಪಿನ್ ಹಾಕಿಬಿಟ್ಟಿದ್ದ. ಆ ಪಿನ್ ಗೊತ್ತಿಲ್ಲದಿದ್ದರೆ ವಾಟ್ಸಾಪ್ ಏಳು ದಿನ ಕಾಯಿಸುತ್ತದೆ. ನೀವೇ ಮೊದಲು ಪಿನ್ ಹಾಕಿಟ್ಟಿದ್ದರೆ ಬರೀ ಕೋಡ್ ಸಿಕ್ಕರೂ ಕಳ್ಳ ಒಳಗೆ ಬರಲಾರ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಅಂತ ಇರುವ ಕಡೆ ಸಿಗುತ್ತದೆ, ಎರಡು ನಿಮಿಷದ ಕೆಲಸ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ನಾದಿನಿಯೇ ಫೋನ್ ಮಾಡಿ ದೂರು ಕೊಟ್ಟಳು. ದುಡ್ಡು ಹೋದದ್ದು ಅವಳ ಖಾತೆಯಿಂದ ತಾನೇ. ಬ್ಯಾಂಕಿನವರು 7,000 ತಡೆಹಿಡಿದಿದ್ದಾರೆ, ಉಳಿದದ್ದು ಆಗಲೇ ಬೇರೆ ಖಾತೆಗೆ ಜಾರಿತ್ತು. ಪಾರ್ಸೆಲ್ಲನ್ನು ಠಾಣೆಯಲ್ಲಿ ಬಿಚ್ಚಿದರೆ ಒಳಗಿದ್ದದ್ದು ಮೊಬೈಲಿನ ರಬ್ಬರ್ ಕವರ್. ಮೇಲ್ಗಡೆಯವರು ಏನೂ ತರಿಸಿರಲೇ ಇಲ್ಲ.

ಈಗ ನಮ್ಮ ಮನೆಯಲ್ಲಿ, ಲೇಬಲ್ ಮೇಲೆ ನಮ್ಮ ಹೆಸರಿಲ್ಲದ ಪಾರ್ಸೆಲ್ ಗೇಟ್ ದಾಟುವುದಿಲ್ಲ. "ಈ ಹೆಸರಿನವರು ಇಲ್ಲಿಲ್ಲ" ಅಂದರೆ ಸಾಕು, ಪೋಸ್ಟ್‌ಮ್ಯಾನ್ ಆದರೂ ವಾಪಸ್ ಒಯ್ಯುತ್ತಾರೆ. ನಂಬರ್ ಕೊಡುವುದಿಲ್ಲ, ಓಟಿಪಿ ಹೇಳುವುದಿಲ್ಲ, ಕ್ಯಾನ್ಸಲ್ ಮಾಡೋಕೆ ಬೇಕು ಅಂದರೂ ಅಷ್ಟೇ. ಯಾರೂ ಇಲ್ಲದಾಗ ಬಾಗಿಲ ಬಳಿ ಇಟ್ಟು ಹೋಗಿದ್ದರೆ ಬಿಚ್ಚದೆ ಲೇಬಲ್ಲಿನ ಫೋಟೋ ತೆಗೆದಿಡಿ. ಅದರ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್ಲಿನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರುಗಳೂ ಇರುತ್ತವೆ. ಕಂಪನಿಯ ಆ್ಯಪಿನೊಳಗೇ ನೋಡಿ.

ಮನೆಯ ಹಿರಿಯರ ಫೋನಿನಲ್ಲಿ ಇವತ್ತೇ *#21# ಒತ್ತಿ. ಫಾರ್ವರ್ಡಿಂಗ್ ಇದೆಯೋ ಇಲ್ಲವೋ ಪರದೆ ಮೇಲೆ ಬರುತ್ತದೆ. ನೀವು ಮಾಡದ ಫಾರ್ವರ್ಡಿಂಗ್ ಇದೆ ಎಂದು ತೋರಿಸಿದರೆ ತಕ್ಷಣ ##002#.