ಅಮೆರಿಕದ ಹತ್ತು ವರ್ಷದ ವೀಸಾ, ಕೆನಡಾದ ಸೂಪರ್ ವೀಸಾ: ಮಕ್ಕಳ ಮನೆಯಲ್ಲಿ ಹೆಚ್ಚು ದಿನ ಇರಲು ಯಾವುದು ಅನುಕೂಲ?

ಮಗಳು ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರದಲ್ಲಿ, ಮಗ ಗಡಿಯಾಚೆ ಬ್ರಿಟಿಷ್ ಕೊಲಂಬಿಯಾದ ಸರ್ರೆಯಲ್ಲಿ ನೆಲೆಸಿರುವುದರಿಂದ ನನಗೂ ನನ್ನ ಪತ್ನಿಗೂ ಅಮೆರಿಕದ ಬಿ1/ಬಿ2 ವೀಸಾ (ವ್ಯವಹಾರ ಮತ್ತು ಪ್ರವಾಸಕ್ಕೆ ಕೊಡುವ ಸಂದರ್ಶಕ ವೀಸಾ) ಮತ್ತು ಮಕ್ಕಳ ಮನೆಗೆ ಹೋಗುವ ಹೆತ್ತವರಿಗಾಗಿಯೇ ಇರುವ ಕೆನಡಾದ ಸೂಪರ್ ವೀಸಾ ಎರಡನ್ನೂ ಬಳಸುವ ಅವಕಾಶ ಒದಗಿದೆ. ಎರಡೂ ಬಹು ಪ್ರವೇಶದ ವೀಸಾಗಳು. ಎರಡನ್ನೂ ಹತ್ತು ವರ್ಷಗಳವರೆಗೆ ಕೊಡುತ್ತಾರೆ. ಮೈಸೂರಿನಲ್ಲಿ ನಮ್ಮ ವಯಸ್ಸಿನ ಅನೇಕರು ವೀಸಾದ ಮೇಲೆ ಮುದ್ರಿತವಾದ ಕೊನೆಯ ದಿನಾಂಕವನ್ನೇ ನಂಬಿಕೊಂಡು ಪ್ರಯಾಣ ಗೊತ್ತುಮಾಡುವುದನ್ನು ಕಂಡಿದ್ದೇನೆ. ಆ ದಿನಾಂಕದವರೆಗೆ ಗಡಿಗೆ ಹೋಗಿ ಪ್ರವೇಶ ಕೇಳಬಹುದು, ಅಷ್ಟೆ. ಒಳಗೆ ಎಷ್ಟು ದಿನ ಇರಬಹುದು ಎಂಬುದರ ಲೆಕ್ಕವೇ ಬೇರೆ, ಮತ್ತು ಆ ಲೆಕ್ಕದಲ್ಲಿ ಈ ಎರಡು ದೇಶಗಳಿಗೆ ಅಜಗಜಾಂತರವಿದೆ.

ಅಮೆರಿಕದಲ್ಲಿ ಪ್ರತಿ ಸಲವೂ ಅದನ್ನು ನಿರ್ಧರಿಸುವವರು ಪ್ರವೇಶದ್ವಾರದ ವಲಸೆ ಅಧಿಕಾರಿ. ಬಿ2 ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ, ಮತ್ತು ಅದು ಐ-94 ಎಂಬ ಆನ್‌ಲೈನ್ ದಾಖಲೆಯಲ್ಲಿ ಸೇರುತ್ತದೆ. ಮಗಳ ಮನೆ ತಲುಪಿದ ಕೂಡಲೇ ನಾವು ಮಾಡುವ ಮೊದಲ ಕೆಲಸವೆಂದರೆ ಅಮೆರಿಕದ ಗಡಿ ಮತ್ತು ಸುಂಕ ಇಲಾಖೆಯಾದ ಸಿಬಿಪಿಯ ಜಾಲತಾಣದಲ್ಲಿ ಹೆಸರು, ಜನ್ಮದಿನಾಂಕ ಮತ್ತು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು, ಇಬ್ಬರ ಐ-94 ದಾಖಲೆಗಳನ್ನೂ ಬೇರೆ ಬೇರೆಯಾಗಿ ತೆಗೆದು ಮುದ್ರಿಸಿಕೊಳ್ಳುವುದು. ಅದರಲ್ಲಿರುವ ಕೊನೆಯ ದಿನಾಂಕವನ್ನು ಮೀರಿ ಉಳಿದರೆ, ವೀಸಾದಲ್ಲಿ ಇನ್ನೂ ಎಷ್ಟೇ ವರ್ಷ ಬಾಕಿಯಿದ್ದರೂ ಆ ವೀಸಾ ತಾನಾಗಿಯೇ ಅನೂರ್ಜಿತವಾಗುತ್ತದೆ. ನಿಜವಾದ ಕಾರಣವಿದ್ದರೆ ಆ ದಿನಾಂಕಕ್ಕೆ ಮೊದಲೇ ಐ-539 ಅರ್ಜಿ ಹಾಕಿ ವಿಸ್ತರಣೆ ಕೇಳಬಹುದು. ಆದರೆ ಅದನ್ನು ಮೊದಲೇ ಎಣಿಕೆಯಲ್ಲಿಟ್ಟುಕೊಂಡು ಹೊರಡುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಪೀಸ್ ಆರ್ಚ್ ಗಡಿ ದಾಟಿ ಕೆನಡಾದಲ್ಲಿ ಕೆಲವು ದಿನವಿದ್ದು ಮರಳಿದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂಬ ಮಾತನ್ನೂ ನಂಬಬಾರದು. ಮೂವತ್ತು ದಿನಗಳೊಳಗಿನ ಇಂತಹ ಪ್ರವಾಸದ ನಂತರ ಸಾಮಾನ್ಯವಾಗಿ ಹಳೆಯ ಐ-94 ದಿನಾಂಕವೇ ಮುಂದುವರಿಯುತ್ತದೆ.

ಸಿಕ್ಕ ಆರು ತಿಂಗಳನ್ನೂ ಪ್ರತಿ ವರ್ಷ ಪೂರ್ತಿ ಬಳಸಬೇಕೇ? ಬೇಡ ಎನ್ನುತ್ತೇನೆ, ಇದಕ್ಕೆ ಎರಡು ಕಾರಣಗಳಿವೆ. ವರ್ಷದಲ್ಲಿ ಇಂತಿಷ್ಟೇ ದಿನ ಎಂಬ ಲಿಖಿತ ಮಿತಿ ಇಲ್ಲವಾದರೂ, ಹಿಂದಿರುಗಿದ ಕೆಲವೇ ವಾರಗಳಲ್ಲಿ ಮತ್ತೆ ಬಂದವರನ್ನು ಅಧಿಕಾರಿ 'ನಿಮ್ಮ ಮನೆ ಇರುವುದು ಎಲ್ಲಿ' ಎಂದು ಕೇಳುವುದು ಸಹಜ. ಎರಡನೆಯದು ತೆರಿಗೆ. ಈ ವರ್ಷದ ಎಲ್ಲ ದಿನಗಳು, ಕಳೆದ ವರ್ಷದ ದಿನಗಳಲ್ಲಿ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ, ಇವನ್ನು ಕೂಡಿಸಿದಾಗ 183 ಆದರೆ ಅಮೆರಿಕದ ಆದಾಯ ತೆರಿಗೆ ಕಾನೂನು ಆ ವ್ಯಕ್ತಿಯನ್ನು ನಿವಾಸಿಯೆಂದು ಎಣಿಸುತ್ತದೆ. ಇದಕ್ಕೆ ವಿನಾಯಿತಿಗಳಿವೆ, ಆದರೆ ಅವನ್ನು ಅರ್ಜಿಯ ಮೂಲಕ ಕೇಳಿ ಪಡೆಯಬೇಕು. ಪ್ರತಿ ವರ್ಷ 120 ದಿನ ಇದ್ದವರ ಲೆಕ್ಕ 120, 40 ಮತ್ತು 20 ಸೇರಿ 180ಕ್ಕೆ ನಿಲ್ಲುತ್ತದೆ. ಭಾರತದಲ್ಲಿ ಪಿಂಚಣಿ, ಬಾಡಿಗೆ, ಠೇವಣಿ ಬಡ್ಡಿ ಇರುವ ನಿವೃತ್ತರು ಈ ಸರಳ ಕೂಡಿಕೆಯನ್ನು ಟಿಕೆಟ್ ಕೊಳ್ಳುವ ಮೊದಲೇ ಮಾಡಿಕೊಳ್ಳಬೇಕು.

ಕೆನಡಾದ ಸೂಪರ್ ವೀಸಾ 2011ರ ಡಿಸೆಂಬರ್‌ನಲ್ಲಿ, ತಂದೆತಾಯಿ ಮತ್ತು ಅಜ್ಜ ಅಜ್ಜಿಯರಿಗಾಗಿಯೇ ಆರಂಭವಾದದ್ದು. ಮೊದಲು ಒಂದು ಪ್ರವೇಶಕ್ಕೆ ಎರಡು ವರ್ಷವಿದ್ದ ವಾಸದ ಅವಧಿಯನ್ನು 2022ರ ಜುಲೈನಿಂದ ಐದು ವರ್ಷಕ್ಕೆ ಏರಿಸಿದರು. ಅಲ್ಲಿನ ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಒಮ್ಮೆಗೆ ಸಿಗುವುದು ಆರು ತಿಂಗಳು ಮಾತ್ರ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಸೊಸೆಯ ಬಾಣಂತನಕ್ಕೆ ಹೋದಾಗ ಮಗುವಿನ ನಾಮಕರಣದಿಂದ ಅದು ಅಂಬೆಗಾಲಿಡುವವರೆಗೂ ದಿನ ಎಣಿಸುವ ಆತಂಕವಿಲ್ಲದೆ ಇರಲು ನಮಗೆ ಸಾಧ್ಯವಾದದ್ದು ಇದರಿಂದಲೇ.

ಆದರೆ ಅದಕ್ಕೆ ತಕ್ಕ ತಯಾರಿ ಬೇಕು. ಮಗ ಅಥವಾ ಮಗಳು ಅಲ್ಲಿನ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ಕೆಲಸದ ಪರವಾನಗಿಯ ಮೇಲಿರುವವರ ತಂದೆತಾಯಿಗೆ ಇದು ದೊರೆಯದು. ಕರೆಸಿಕೊಳ್ಳುವ ಮಗ ಅಥವಾ ಮಗಳಿಗೆ ಕುಟುಂಬದ ಗಾತ್ರಕ್ಕೆ ತಕ್ಕ ಕನಿಷ್ಠ ಆದಾಯವಿರಬೇಕು, ನಾವು ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಬೇಕು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್‌ಗಳ, ಒಂದು ವರ್ಷ ಅವಧಿಯ ಆರೋಗ್ಯ ವಿಮೆ ಇರಬೇಕು. ನಮ್ಮ ವಯಸ್ಸಿಗೆ ಈ ವಿಮೆಯ ಕಂತೇ ದೊಡ್ಡ ಖರ್ಚು. ಹಳೆಯ ಕಾಯಿಲೆಗಳ ವಿಷಯದಲ್ಲಿ ಪಾಲಿಸಿ ಏನು ಹೇಳುತ್ತದೆ ಎಂಬುದನ್ನು ಸಾಲುಸಾಲಾಗಿ ಓದಿಯೇ ಕೊಳ್ಳಬೇಕು. ರಕ್ತದೊತ್ತಡದ ಮಾತ್ರೆಯ ಪ್ರಮಾಣ ಇತ್ತೀಚೆಗೆ ಬದಲಾಗಿದ್ದರೂ ಆ ಕಾಯಿಲೆಗೆ ರಕ್ಷಣೆ ಇಲ್ಲವೆನ್ನುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಅಮೆರಿಕ ಬಿ2 ವೀಸಾಕ್ಕೆ ವಿಮೆಯನ್ನು ಕಡ್ಡಾಯ ಮಾಡಿಲ್ಲ. ಆದರೆ ಅಲ್ಲಿನ ಆಸ್ಪತ್ರೆಗಳ ದರ ಬಲ್ಲ ಯಾರೂ ವಿಮೆಯಿಲ್ಲದೆ ಹೋಗಬಾರದು.

ಪಾಸ್‌ಪೋರ್ಟ್ ವಿಷಯದಲ್ಲಿಯೂ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಅಮೆರಿಕದ ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೂ ನಡೆಯುತ್ತದೆ; ಹಳೆಯದು, ಹೊಸದು ಎರಡನ್ನೂ ಜೊತೆಯಲ್ಲಿ ಒಯ್ದರೆ ಸಾಕು. ಕೆನಡಾ ಮಾತ್ರ ಪಾಸ್‌ಪೋರ್ಟ್‌ನ ಅವಧಿಯಾಚೆಗೆ ವೀಸಾವನ್ನೂ ಕೊಡುವುದಿಲ್ಲ, ವಾಸಕ್ಕೂ ಅನುಮತಿಸುವುದಿಲ್ಲ. ವ್ಯಾಂಕೂವರ್ ನಿಲ್ದಾಣದಲ್ಲಿ ಅಧಿಕಾರಿ ನನ್ನ ಪತ್ನಿಯ ಪಾಸ್‌ಪೋರ್ಟ್‌ನ ಕೊನೆಯ ದಿನಾಂಕವನ್ನು ನೋಡಿ, ಮುದ್ರೆಯ ಕೆಳಗೆ ಐದು ವರ್ಷದ ಬದಲು ಅದೇ ದಿನಾಂಕವನ್ನು ಪೆನ್ನಿನಲ್ಲಿ ಬರೆದರು. ಆದ್ದರಿಂದ ಸೂಪರ್ ವೀಸಾಕ್ಕೆ ಅರ್ಜಿ ಹಾಕುವವರು ಮೊದಲು ಪಾಸ್‌ಪೋರ್ಟ್ ನವೀಕರಿಸಿಕೊಳ್ಳುವುದು ಲೇಸು.

ಯೂರೋಪಿನ ಷೆಂಗೆನ್ ವೀಸಾವನ್ನೂ ಕೆಲವರು ಇವುಗಳ ಜೊತೆ ಹೋಲಿಸುತ್ತಾರೆ. ಯಾವುದೇ 180 ದಿನಗಳಲ್ಲಿ 90 ದಿನ ಎಂಬ ಮಿತಿ ಅಲ್ಲಿರುವುದರಿಂದ ಅದು ಸುತ್ತಾಟಕ್ಕೆ ಒಳ್ಳೆಯದು, ಮಕ್ಕಳ ಮನೆಯ ದೀರ್ಘ ವಾಸಕ್ಕೆ ಸಾಲದು.

ನನ್ನ ಆಯ್ಕೆ ಹೀಗಿದೆ. ಹೆರಿಗೆ, ಶುಶ್ರೂಷೆ, ಚಿಕ್ಕ ಮಗುವಿನ ಆರೈಕೆಯಂತಹ ನಿಜವಾದ ಅಗತ್ಯವಿದ್ದರೆ ಸೂಪರ್ ವೀಸಾಕ್ಕೆ ಸರಿಸಾಟಿಯಿಲ್ಲ. ವಿಮೆಯ ಖರ್ಚನ್ನು ಅದಕ್ಕಾಗಿ ಧಾರಾಳವಾಗಿ ಭರಿಸಬಹುದು. ವರ್ಷಕ್ಕೊಮ್ಮೆ ಹೋಗಿ ಬರುವವರಿಗೆ ಅಮೆರಿಕದ ವೀಸಾ ಹೆಚ್ಚು ಹಗುರ. ನಾವು ಈಗ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಮಗಳ ಮನೆಯಲ್ಲಿದ್ದು, ಅಲ್ಲಿಂದ ರಸ್ತೆಯ ಮೂಲಕವೇ ಸರ್ರೆಗೆ ಹೋಗಿ, ನವೆಂಬರ್‌ನಲ್ಲಿ ಪಿಂಚಣಿಯ ಜೀವನ ಪ್ರಮಾಣಪತ್ರ ಸಲ್ಲಿಸುವ ಹೊತ್ತಿಗೆ ಮೈಸೂರಿಗೆ ಮರಳುವಂತೆ ಟಿಕೆಟ್ ಮಾಡಿಸುತ್ತೇವೆ.