ಪೊವೆಲ್ಲೈಟೋ ಕ್ಯಾಲ್ಸೈಟೋ? ಯುವಿ ದೀಪಕ್ಕಿಂತ ನನಗೆ ತಕ್ಕಡಿಯೇ ಸೈ

ಅಜಂತಾಗೆ ಹೋದಾಗ ಹಳದಿ ಹರಳೊಂದಕ್ಕೆ 4,500 ರೂಪಾಯಿ ಕೊಟ್ಟು ತಂದೆ. ನಾಸಿಕ್ ಕಡೆಯ ಪೊವೆಲ್ಲೈಟ್ ಎಂಬ ಅಪರೂಪದ ಖನಿಜ ಅಂತ ಹೇಳಿ ಕೊಟ್ಟಿದ್ದರು. ಮನೆಯಲ್ಲಿ ತೂಗಿ ನೋಡಿದರೆ ಕ್ಯಾಲ್ಸೈಟ್, ಎಲ್ಲೆಡೆ ಸಿಗುವ ಸಾಮಾನ್ಯ ಖನಿಜ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಈಗ ತಕ್ಕಡಿ ಜೊತೆಗಿಲ್ಲದೆ ಹಳದಿ ಕಲ್ಲು ಕೊಳ್ಳುವುದಿಲ್ಲ.

ಎರಡೂ ದಖ್ಖನ್ನಿನ ಬಸಾಲ್ಟ್ (ಕಪ್ಪು ಲಾವಾ ಕಲ್ಲು) ಪೊಟರೆಗಳಲ್ಲಿ ಸಿಗುತ್ತವೆ, ಎರಡಕ್ಕೂ ಜೇನಿನ ಬಣ್ಣ ಇರಬಹುದು. ಆದರೆ ಪೊವೆಲ್ಲೈಟಿನಲ್ಲಿ ಮಾಲಿಬ್ಡಿನಮ್ ಎಂಬ ಭಾರದ ಲೋಹ ಇರುವುದರಿಂದ ಅದರ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು) 4.2ರ ಆಸುಪಾಸು, ಕ್ಯಾಲ್ಸೈಟಿನದು 2.7. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಹರಳನ್ನು ದಾರಕ್ಕೆ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. ಆಗ ಬರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ನನ್ನ ಕಲ್ಲು 38 ಗ್ರಾಂ, ಮುಳುಗಿಸಿದಾಗ ಬಂದ ಅಂಕಿ 14, ಅಂದರೆ 2.7. ಅಲ್ಲಿಗೆ ಗೊತ್ತಾಯಿತು.

ತಲೆನೋವು ಶುರುವಾದದ್ದು ಎರಡನೆಯ ಹರಳಿನಲ್ಲಿ. ಅದು ಬೆರಳ ತುದಿಯಷ್ಟು, 6 ಗ್ರಾಂ. ಅಡುಗೆಮನೆ ತಕ್ಕಡಿ ಒಮ್ಮೆ 1 ತೋರಿಸಿತು, ಒಮ್ಮೆ 2. ಅಂದರೆ ಸಾಂದ್ರತೆ ಒಮ್ಮೆ 6, ಒಮ್ಮೆ 3! ದಾರ ಬದಲಿಸಿದೆ, ಲೋಟ ಬದಲಿಸಿದೆ, ಒಂದು ಭಾನುವಾರ ಇಡೀ ಹೋಯಿತು. ಆ ತಕ್ಕಡಿಗೆ ಒಂದು ಗ್ರಾಮಿಗಿಂತ ಕಡಿಮೆ ತೂಕ ಗೊತ್ತೇ ಆಗುವುದಿಲ್ಲ ಅಂತ ಹೊಳೆದದ್ದು ರಾತ್ರಿ.

ಚಿನ್ನ ತೂಗುವಂಥ 0.01 ಗ್ರಾಮಿನ ಜೇಬು ತಕ್ಕಡಿ ತರಿಸಿದೆ. ಆದರೂ ಅಂಕಿ ನಿಲ್ಲಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಹರಳಿನ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳ ಸಾಲು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟು, ಬಣ್ಣದ ಕುಂಚದಲ್ಲಿ ಸವರಿದ ಮೇಲೆ ಬಂತು: 6.40 ಭಾಗ 1.50, ಅಂದರೆ 4.27. ಪೊವೆಲ್ಲೈಟ್!

ಗೆಳೆಯನ ಶಾರ್ಟ್‌ವೇವ್ ಯುವಿ (ಅತಿನೇರಳೆ ಬೆಳಕಿನ) ದೀಪದಡಿ ಅದೇ ಹರಳು ಕೆನೆಹಳದಿಯಾಗಿ ಬೆಳಗಿತು, ಕಣ್ಣು ಕೀಳಲಾಗಲಿಲ್ಲ. ಆದರೆ ಕೆಲವು ಕ್ಯಾಲ್ಸೈಟೂ ಹೊಳೆಯುತ್ತದೆ. ಕತ್ತಲೆ ಬೇಕು, ಕಣ್ಣಿಗೆ ಕನ್ನಡಕ ಬೇಕು, ದೀಪದ ಬೆಲೆಯೂ ನನ್ನ ಕೈಗೆ ಮೀರಿದ್ದು. ಹರಳು ತಾನು ಬೆಳೆದ ತಾಯಿಕಲ್ಲಿಗೆ ಅಂಟಿಕೊಂಡಿದ್ದರೆ ಮಾತ್ರ ತಕ್ಕಡಿ ಸೋಲುತ್ತದೆ, ಅಲ್ಲಿ ದೀಪವೇ ಗತಿ.

ಗೀರಿ ನೋಡುವುದು ಬೇಡ. ಕ್ಯಾಲ್ಸೈಟಿನ ಗಡಸುತನ 3ಕ್ಕೂ ಪೊವೆಲ್ಲೈಟಿನ 3.5ಕ್ಕೂ ಅಂತರ ಕಮ್ಮಿ, ಗೀರಿದ ಹರಳಿಗೆ ಬೆಲೆಯೂ ಇಲ್ಲ.

ಬೆಲೆ ಕಟ್ಟುವಾಗ ನಾನು ಮೊದಲು ನೋಡುವುದು ಹರಳಿನ ತುದಿ. ಮುಕ್ಕಾಗಿದ್ದರೆ ಅರ್ಧಕ್ಕೆ ಕೇಳುತ್ತೇನೆ. ಅಪೊಫಿಲ್ಲೈಟ್ ಎಂಬ ಖನಿಜದ ಬಿಳಿ ಹರಳುಗಳ ಮೇಲೆ ಮುಕ್ಕಿಲ್ಲದೆ ಕೂತ ಪೊವೆಲ್ಲೈಟ್ ಸಿಕ್ಕರೆ ಹೆಚ್ಚು ಕೊಡಲು ತಯಾರು, ಅದಕ್ಕಾಗಿ ಗೆಳೆಯನ ದೀಪ ಕೇಳಿ ತರುತ್ತೇನೆ.