ಮೀನಿನ ವಾಸನೆ ಬಂದರೆ ಮೊದಲು ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ

ನಮ್ಮ ಮನೆಯಲ್ಲಿ ಮೀನು ತರುವುದಿಲ್ಲ. ಆದರೂ ಹೋದ ವರ್ಷ ಜುಲೈನಲ್ಲಿ ಎರಡು ದಿನ ಸಂಜೆ ಹೊತ್ತು ಹಾಲ್‌ನಲ್ಲಿ ಮೀನಿನ ವಾಸನೆ. "ಕೆಳಗಿನ ಮನೇಲಿ ಮೀನು ಹುರೀತಿರಬೇಕು ಕಣೇ, ಕಿಟಕಿ ಹಾಕು" ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡು ಕಿಟಕಿ ಹಾಕಿದೆ. ಮೂರನೇ ದಿನ ರಾತ್ರಿ ಎಂಟೂವರೆಗೆ ದಿವಾನದ ಹಿಂದಿನಿಂದ ಬೆಂಕಿ ಎದ್ದಿತು.

ಯಾರಿಗೂ ಏನೂ ಆಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಿಟಕಿಯ ಪರದೆ, ದಿವಾನದ ಒಂದು ಮೂಲೆ, ಮಗಳ ಸ್ಕೂಲ್ ಬ್ಯಾಗ್ ಸುಟ್ಟವು. ಗೋಡೆ ಮೇಲಿನವರೆಗೂ ಕಪ್ಪಾಯಿತು. ಆದರೆ ಅದೇ ದಿವಾನದ ಮೇಲೆ ಅತ್ತೆ ಮಲಗುವುದು. ಹತ್ತು ಗಂಟೆಗೆ ಹೀಗಾಗಿದ್ದರೆ ಅನ್ನುವ ಯೋಚನೆ ಬಂದಾಗಲೆಲ್ಲ ಈಗಲೂ ಕೈ ತಣ್ಣಗಾಗುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನಾವಿರುವುದು ಸಾಗರದಲ್ಲಿ, ಬಾಡಿಗೆ ಮನೆ, ಮೊದಲನೇ ಮಹಡಿ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಪುನರ್ವಸು ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಊರ ಮನೆಯಲ್ಲಾದರೆ ಬಚ್ಚಲೊಲೆ ಇದೆ. ಹಂಡೆಯ ಮೇಲೆ ಗಳ ಕಟ್ಟಿ ಹರವಿದರೆ ಬೆಳಗಾಗುವಷ್ಟರಲ್ಲಿ ಬಟ್ಟೆ ಗರಿಗರಿ. ಇಲ್ಲಿ ಅದೆಲ್ಲಿ? ಮಗಳಿಗೆ ಯೂನಿಫಾರ್ಮ್ ಇರುವುದು ಎರಡೇ ಜೊತೆ. ಹಾಗಾಗಿ 2000 ವ್ಯಾಟ್‌ನ ಒಂದು ರೂಮ್ ಹೀಟರ್ ತಂದೆವು. ಕುರ್ಚಿಯ ಮೇಲೆ ಬಟ್ಟೆ ಹರವಿ ಸ್ವಲ್ಪ ದೂರದಲ್ಲಿ ಹೀಟರ್ ಇಡುತ್ತಿದ್ದೆವು.

ತಪ್ಪು ಶುರುವಾಗಿದ್ದು ಪ್ಲಗ್‌ನಿಂದ. ಹೀಟರ್‌ನದ್ದು ದಪ್ಪ ಪಿನ್, ಅಂದರೆ 16 ಆಂಪ್‌ನದು. ನಮ್ಮ ಹಾಲ್‌ನಲ್ಲಿರುವುದು ಸಣ್ಣ ಸಾಕೆಟ್, 6 ಆಂಪ್‌ನದು. ಆ ಸಾಕೆಟ್‌ಗೆ ಆಗಲೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿದ್ದೆವು. ಸಂತೆಯಲ್ಲಿ 150 ರೂಪಾಯಿಗೆ ತಂದಿದ್ದು, ನಾಲ್ಕು ತೂತಿನದು. ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ ಎಲ್ಲ ಅದರಲ್ಲೇ. ಹೀಟರ್ ಪ್ಲಗ್ ಹೋಗಲಿಲ್ಲ ಅಂತ ಅಂಗಡಿಗೆ ಹೋಗಿ ಒಂದು ಕನ್ವರ್ಷನ್ ಪ್ಲಗ್ ತಂದೆವು. ದಪ್ಪ ಪಿನ್ ಒಳಗೆ ಹೋಗುತ್ತದೆ, ಸಣ್ಣ ಪಿನ್ ಹೊರಗೆ ಬರುತ್ತದೆ. ಅಂಗಡಿಯವರು ಯಾವುದಕ್ಕೆ ಅಂತ ಕೇಳಲಿಲ್ಲ, ನಾವೂ ಹೇಳಲಿಲ್ಲ. ದಪ್ಪ ಪಿನ್ ಸಣ್ಣ ತೂತಿಗೆ ಹೋಗದ ಹಾಗೆ ಮಾಡಿರುವುದೇ ಇಂಥ ಕೆಲಸ ಮಾಡಬಾರದು ಅಂತ. ಅದು ಗೊತ್ತಾಗುವಾಗ ತಡವಾಗಿತ್ತು.

ಲೆಕ್ಕ ಬಹಳ ಸುಲಭ. ನಮ್ಮಲ್ಲಿ ಕರೆಂಟ್ 230 ವೋಲ್ಟ್. ವ್ಯಾಟನ್ನು 230ರಿಂದ ಭಾಗಿಸಿದರೆ ಎಷ್ಟು ಆಂಪ್ ಎಳೆಯುತ್ತದೆ ಅಂತ ಸಿಗುತ್ತದೆ. 2000 ವ್ಯಾಟ್ ಹೀಟರ್ ಅಂದರೆ 8.7 ಆಂಪ್. ಬೋರ್ಡ್ ತಡೆಯುವುದು 6 ಆಂಪ್, ಅಂದರೆ 1380 ವ್ಯಾಟ್, ಅದೂ ಒಳ್ಳೆಯ ಬೋರ್ಡ್ ಆಗಿದ್ದರೆ. ಟಿವಿ, ವೈಫೈ, ಫೋನ್ ಚಾರ್ಜರ್ ಎಲ್ಲ ಸೇರಿದರೂ ಅಷ್ಟು ದೊಡ್ಡ ಲೋಡ್ ಅಲ್ಲ. ಬಿಸಿ ಮಾಡುವ ವಸ್ತು ಬಂದಾಗಲೇ ಅಪಾಯ: ಹೀಟರ್, ಇಂಡಕ್ಷನ್ ಒಲೆ, ಗೀಸರ್, ನೀರು ಕಾಯಿಸುವ ಕಾಯಿಲ್, ಎಲೆಕ್ಟ್ರಿಕ್ ಕೆಟಲ್. ಇವನ್ನು ಬೋರ್ಡ್‌ಗೆ ಹಾಕಲೇಬೇಡಿ. ಸಾಮಾನ್ಯ ಇಸ್ತ್ರಿ ಪೆಟ್ಟಿಗೆ ಕೂಡ 1000 ವ್ಯಾಟ್‌ವರೆಗೆ ಇರುತ್ತದೆ, ಸ್ಟೀಮ್‌ನದು ಇನ್ನೂ ಜಾಸ್ತಿ, ಅದನ್ನೂ ನೇರ ಗೋಡೆಗೇ ಹಾಕಿ.

ಆವತ್ತು ಆರು ಗಂಟೆಗೆ ಹೀಟರ್ ಹಾಕಿದ್ದೆ. ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ಲೈಟು, ಫ್ಯಾನು ಇನ್ವರ್ಟರ್‌ನಲ್ಲಿ ನಡೆದವು, ಹೀಟರ್ ನಿಂತಿತು. ಸ್ವಿಚ್ ಆಫ್ ಮಾಡಬೇಕು ಅಂತ ಯಾರಿಗೂ ನೆನಪಾಗಲಿಲ್ಲ. ಎಂಟಕ್ಕೆ ಕರೆಂಟ್ ಬಂತು. ನಾವೆಲ್ಲ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಹಾಲ್‌ನಲ್ಲಿ ಹೀಟರ್ ತಾನೇ ಶುರುವಾಗಿದ್ದು ಗೊತ್ತೇ ಆಗಲಿಲ್ಲ.

ಮೊದಲು ಅದೇ ಮೀನಿನ ವಾಸನೆ, ಜಾಸ್ತಿ. ಆಮೇಲೆ ಪ್ಲಾಸ್ಟಿಕ್ ಸುಟ್ಟ ಘಾಟು. ಮಗಳು ನೋಡಲು ಹೋದವಳು "ಅಮ್ಮಾ!" ಅಂತ ಕಿರುಚಿದಳು. ದಿವಾನದ ಹಿಂದೆ ಮೊಳದುದ್ದ ಉರಿ, ಪರದೆಗೆ ಹತ್ತುತ್ತಿತ್ತು. ಇವರು ಮೆಟ್ಟಿಲಿಳಿದು ಓಡಿ ಮೀಟರ್ ಹತ್ತಿರ ಮೇನ್ ಆಫ್ ಮಾಡಿದರು. ಅಷ್ಟರಲ್ಲಿ ಮಗಳು ಬಚ್ಚಲಿನಿಂದ ಬಕೆಟ್ ನೀರು ತಂದಳು. ಇನ್ನೇನು ಎರಚಬೇಕು, ನನ್ನ ಕಣ್ಣು ಮೇಲೆ ಹೋಯಿತು. ಫ್ಯಾನ್ ತಿರುಗುತ್ತಿತ್ತು.

ಇನ್ವರ್ಟರ್! ಮೇನ್ ಆಫ್ ಮಾಡಿದ ತಕ್ಷಣ ಅದು ಕರೆಂಟ್ ಹೋಯಿತು ಅಂದುಕೊಂಡು ತನ್ನ ಕೆಲಸ ಶುರು ಮಾಡಿತ್ತು. ಉರಿ ಮೇಲಿದ್ದ ಸ್ವಿಚ್‌ಬೋರ್ಡ್‌ಗೆ ತಾಗುತ್ತಿತ್ತು, ಫ್ಯಾನಿನ ವೈರ್ ಹೋಗುವುದು ಅದರಲ್ಲೇ. ಅಲ್ಲಿಗೆ ನೀರು ಎರಚಿದ್ದರೆ ಮಗಳಿಗೆ ಶಾಕ್ ಹೊಡೆಯುವ ಸಾಧ್ಯತೆ ಇತ್ತು. ಅವಳ ಕೈ ಹಿಡಿದು ನಿಲ್ಲಿಸಿದೆ, ಅತ್ತೆಯನ್ನು ಹೊರಗೆ ಕಳಿಸಿದೆ, ಹೋಗಿ ಇನ್ವರ್ಟರ್ ಆಫ್ ಮಾಡಿದೆ. ಫ್ಯಾನ್ ನಿಂತ ಮೇಲೆ ನೀರು ಹಾಕಿದೆವು. ಮೀನು ಹುರಿಯುತ್ತಿದ್ದಾರೆ ಅಂದುಕೊಂಡಿದ್ದ ಕೆಳಗಿನ ಮನೆಯವರೇ ಬಕೆಟ್ ಹಿಡಿದುಕೊಂಡು ಮೇಲೆ ಓಡಿ ಬಂದರು. ಐದಾರು ನಿಮಿಷದಲ್ಲಿ ಆರಿತು. ಆರದಿದ್ದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡುವುದೊಂದೇ ದಾರಿ, 101 ಕೂಡ ಅಗ್ನಿಶಾಮಕದವರದ್ದೇ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಆಫ್ ಮಾಡುವುದು ಹೇಗೆ ಅಂತ ಮನೆಯ ಎಲ್ಲರಿಗೂ, ಮಕ್ಕಳಿಗೂ ದಯವಿಟ್ಟು ತೋರಿಸಿಕೊಡಿ.

ಮರುದಿನ ಎಲೆಕ್ಟ್ರಿಷಿಯನ್ ಬಂದರು. ನಾನು ಮೊದಲು ಕೇಳಿದ್ದು ಒಂದೇ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಇತ್ತಲ್ಲ, ಯಾಕೆ ಟ್ರಿಪ್ ಆಗಲಿಲ್ಲ? ಅವರು ಬಾಕ್ಸ್ ತೆಗೆದು ತೋರಿಸಿದರು. ಹಾಲ್‌ನ ಎಂಸಿಬಿ 16 ಆಂಪ್‌ನದು. ನಾವು ಎಳೆಯುತ್ತಿದ್ದುದು ಒಂಬತ್ತು ಚಿಲ್ಲರೆ. ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ನಾವು ಹೊರಗಿನಿಂದ ಸಿಕ್ಕಿಸಿದ ಬೋರ್ಡ್‌ನ ಶಕ್ತಿ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಾನು ಇಷ್ಟು ವರ್ಷ ಎಂಸಿಬಿ ಇದ್ದರೆ ಬೆಂಕಿ ಬೀಳುವುದಿಲ್ಲ ಅಂತಲೇ ನಂಬಿಕೊಂಡಿದ್ದೆ.

ಸುಟ್ಟ ಬೋರ್ಡನ್ನು ಅವರು ಬಿಚ್ಚಿದರು. ಕನ್ವರ್ಷನ್ ಪ್ಲಗ್‌ನ ಒಂದು ಪಿನ್ ತೂತಿನೊಳಗೇ ಅಂಟಿಕೊಂಡಿತ್ತು. ಸುತ್ತಲಿನ ಪ್ಲಾಸ್ಟಿಕ್ ಕರಗಿ, ಬೆಲ್ಲದ ಪಾಕ ಇಳಿದು ಗಟ್ಟಿಯಾದ ಹಾಗೆ ಆಗಿತ್ತು. ಪಿನ್ ಹಿಡಿದುಕೊಳ್ಳುವ ಹಿತ್ತಾಳೆ ಪಟ್ಟಿ ಬಾಯಿ ಬಿಟ್ಟಿತ್ತು. ವೈರ್ ಸುಲಿದರೆ ಒಳಗೆ ಕೂದಲಿನಂಥ ತಾಮ್ರದ ಎಳೆಗಳು, ಬೆರಳಲ್ಲಿ ಎಣಿಸುವಷ್ಟು. "ನೋಡಿ ಅಕ್ಕಾ, ಲೂಸ್ ಕಾಂಟ್ಯಾಕ್ಟ್" ಅಂದರು.

ಅವರು ಹೇಳಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪಿನ್ ಮತ್ತು ಪಟ್ಟಿ ಬಿಗಿಯಾಗಿ ಕೂರದಿದ್ದರೆ ಆ ಒಂದು ಚುಕ್ಕೆಯಲ್ಲಿ ಕರೆಂಟಿಗೆ ತಡೆ ಜಾಸ್ತಿ. ತಡೆ ಬರೀ ಅರ್ಧ ಓಮ್ ಇದ್ದರೂ 8.7 ಆಂಪ್ ಹರಿದಾಗ ಅಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. ಸೀಸ ಕರಗಿಸಿ ರೇಡಿಯೋ ರಿಪೇರಿ ಮಾಡುತ್ತಾರಲ್ಲ, ಆ ಸೋಲ್ಡರಿಂಗ್ ಕಡ್ಡಿಗೆ 25 ವ್ಯಾಟ್ ಸಾಕು. ಅಂಥ ಕಡ್ಡಿಯನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಪರದೆಯ ಬುಡದಲ್ಲಿ ಬಿಟ್ಟ ಹಾಗೆ ನಾವು ಮಾಡಿದ್ದೆವು. ಬಿಸಿಯಾದಷ್ಟೂ ಪಟ್ಟಿ ಇನ್ನೂ ಸಡಿಲ, ಸಡಿಲವಾದಷ್ಟೂ ಇನ್ನೂ ಬಿಸಿ. ಇಷ್ಟಾದರೂ ಕರೆಂಟ್ ಏರುವುದಿಲ್ಲ, ಹಾಗಾಗಿ ಎಂಸಿಬಿ ಬೀಳುವುದಿಲ್ಲ. ಆ ಮೀನಿನ ವಾಸನೆಯೂ ಇದೇ. ಪ್ಲಗ್, ಸ್ವಿಚ್‌ಗೆ ಬಳಸುವ ಕೆಲವು ಪ್ಲಾಸ್ಟಿಕ್ ಅತಿಯಾಗಿ ಕಾದರೆ ಹಾಗೇ ನಾರುತ್ತವೆ.

ಬೇರೆ ಸೂಚನೆಗಳೂ ಬಂದಿದ್ದವು. ಪ್ಲಗ್ ಕಿತ್ತಾಗ ಬಿಸಿ ಇರುತ್ತಿತ್ತು. ಹೀಟರ್ ಅಲ್ವಾ, ಬಿಸಿ ಇರದೇ ಇರುತ್ತಾ ಅಂದುಕೊಂಡೆ. ಒಮ್ಮೊಮ್ಮೆ ಚಿರ್ ಚಿರ್ ಸದ್ದು, ಟಿವಿ ಒಂದು ಕ್ಷಣ ಆರಿ ಹತ್ತುವುದು. ತೂತಿನ ಸುತ್ತ ಹಳದಿ ಕಂದು ಬಣ್ಣ. ಇದರಲ್ಲಿ ಒಂದು ಕಂಡರೂ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆ ಬೋರ್ಡನ್ನು ಬಿಸಾಡಿ. ರಿಪೇರಿ ಬೇಡ, ಟೇಪ್ ಸುತ್ತುವುದಂತೂ ಬೇಡವೇ ಬೇಡ.

ಹೊಸದು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಪ್ಲಗ್, ಸಾಕೆಟ್‌ಗೆ ಐಎಸ್ 1293, ವೈರ್‌ಗೆ ಐಎಸ್ 694. ಗುರುತಿನ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಿಜವೋ ನಕಲಿಯೋ ಗೊತ್ತಾಗುತ್ತದೆ. ಸ್ಪೈಕ್ ಗಾರ್ಡ್ ಅಂತ ಬರೆದಿದ್ದರೆ ಸಾಕು ಅನ್ನುವವರಿದ್ದಾರೆ. ಅದು ವೋಲ್ಟೇಜ್ ಹಠಾತ್ತನೆ ಏರಿದಾಗಿನ ಮಾತು, ಲೋಡ್ ಜಾಸ್ತಿಯಾದರೆ ಕಾಪಾಡುತ್ತದೆ ಅಂತಲ್ಲ. ಉದ್ದದ ವೈರನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಡಬೇಡಿ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಚಾಪೆ, ಕಾರ್ಪೆಟ್, ಹಾಸಿಗೆಯ ಕೆಳಗೂ ಅಷ್ಟೇ. ಒಂದು ಬೋರ್ಡ್‌ಗೆ ಇನ್ನೊಂದು ಬೋರ್ಡ್ ಸಿಕ್ಕಿಸಬೇಡಿ.

ಬಾಡಿಗೆ ಮನೆಯಲ್ಲಿ ಹೊಸ ಪಾಯಿಂಟ್ ಹಾಕಿಸಲು ಓನರ್ ಒಪ್ಪುವುದಿಲ್ಲ ಅಂತ ಸುಮ್ನೆ ಇರುತ್ತೇವೆ. ನಾವೂ ಕೇಳಿಯೇ ಇರಲಿಲ್ಲ. ಗೋಡೆ ನೋಡಿದ ಮೇಲೆ ನಮ್ಮ ಓನರ್ ಅರ್ಧ ಖರ್ಚು ತಾವೇ ಕೊಟ್ಟರು. ಬಾಕ್ಸ್‌ನಿಂದ ನೇರವಾಗಿ 4 ಚದರ ಮಿಲಿಮೀಟರ್ ವೈರ್ ಎಳೆಸಿ, ಬೇರೆಯೇ ಎಂಸಿಬಿ ಕೊಟ್ಟು, ದಪ್ಪ ಪಿನ್‌ನ ಸಾಕೆಟ್ ಹಾಕಿಸಿದೆವು. 30 ಮಿಲಿ ಆಂಪ್‌ನ ಆರ್‌ಸಿಸಿಬಿಯನ್ನೂ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚನ್ನೂ ಹಾಕಿಸಿದೆವು. ಅದು ಶಾಕ್ ಹೊಡೆಯುವಾಗ ಜೀವ ಉಳಿಸುತ್ತದೆ, ಆದರೆ ಲೂಸ್ ಕಾಂಟ್ಯಾಕ್ಟ್ ಅದಕ್ಕೂ ಕಾಣುವುದಿಲ್ಲ ಅಂತ ಎಲೆಕ್ಟ್ರಿಷಿಯನ್ ಎರಡು ಸಲ ಹೇಳಿ ಹೋದರು.

ದಿವಾನವನ್ನು ಗೋಡೆಯಿಂದ ದೂರ ಎಳೆದಿಟ್ಟಿದ್ದೇವೆ. ಈ ಮಳೆಗಾಲದಲ್ಲೂ ಕರೆಂಟ್ ಹೋಗುತ್ತಲೇ ಇದೆ. ಹೋದ ಕೂಡಲೇ ಅತ್ತೆ ಮಾಡುತ್ತಿರುವ ಕೆಲಸ ಬಿಟ್ಟು ಹಾಲ್‌ಗೆ ಬಂದು ಹೀಟರ್ ಸ್ವಿಚ್ ಆಫ್ ಮಾಡುತ್ತಾರೆ, ಪ್ಲಗ್ ಕಿತ್ತು ಕುರ್ಚಿಯ ಮೇಲಿಟ್ಟು ಹೋಗುತ್ತಾರೆ.